ಪ್ರಾಸ ತಪ್ಪಿದ ಏಳನೆಯ ನರ

ಮರೆವನ್ನು ಗೆದ್ದುಬಿಟ್ಟೆವೆಂದು ಲೋಕವೆಲ್ಲ ಹಿಗ್ಗಿದ್ದ ಕಾಲದ ಕಥೆ ಇದು. ಗೆಲ್ಲಿಸಿದ್ದು ಒಂದು ಬಿಲ್ಲೆ. ನಾಣ್ಯದಷ್ಟು ಅಗಲ, ಉಗುರಿನಷ್ಟು ದಪ್ಪ. ಬಲಗಿವಿಯ ಹಿಂದೆ ಗಟ್ಟಿ ಎಲುಬಿದೆಯಲ್ಲ, ಅದರ ಮೇಲೆ ಅಂಟಿಸಿಕೊಂಡರೆ ಆಯಿತು. ಮನಸ್ಸಿನಲ್ಲಿ ಪ್ರಶ್ನೆಯೊಂದು ಹುಟ್ಟಿದಾಗ ನಾಲಿಗೆ, ಗಂಟಲು ನಮಗೇ ತಿಳಿಯದಂತೆ ಸಣ್ಣಗೆ ಅದುರುತ್ತವೆ. ಬಿಲ್ಲೆ ಹಗಲೂ ರಾತ್ರಿ ಚರ್ಮದೊಳಗೆ ಮಂದವಾದ ವಿದ್ಯುತ್ತನ್ನು ಹರಿಸಿ ಆ ಅದುರನ್ನು ಓದುತ್ತಿತ್ತು. ಉತ್ತರವನ್ನು ಎಲುಬಿನ ಮೂಲಕವೇ ಒಳಗಿವಿಗೆ ಪಿಸುಗುಟ್ಟುತ್ತಿತ್ತು. ಕಂಪನಿಯವರು ಇಟ್ಟ ಹೆಸರು ಸ್ಮರಣಿ. ಜನ ಕರೆದದ್ದು ಕರ್ಣಪಿಶಾಚಿ ಎಂದು. ಹಾಗೆ ಕರೆದು ನಗುತ್ತಲೇ ಬಸ್ಸಿನ ಕಂಡಕ್ಟರಿನಿಂದ ಹಿಡಿದು ನ್ಯಾಯಾಧೀಶರವರೆಗೆ ಎಲ್ಲರೂ ಅಂಟಿಸಿಕೊಂಡರು.

ಅರಸೀಕೆರೆಯ ಹೊರಗಿದ್ದ ವೈದ್ಯ ಕಾಲೇಜಿನ ಮೊದಲ ವರ್ಷದ ತರಗತಿಯಲ್ಲಿ ಬರಿಗಿವಿಯವಳು ಒಬ್ಬಳೇ. ಹೆಸರು ನೀಲಾಂಬಿಕೆ. ಮನೆಯಲ್ಲಿ ನೀಲವ್ವ, ಗೆಳತಿ ಫರ್ಹಾನಾಳ ಬಾಯಲ್ಲಿ ನೀಲು.

ಅವಳು ಹಟಕ್ಕೆ ಬಿಟ್ಟದ್ದಲ್ಲ. ಒಮ್ಮೆ ಅಂಟಿಸಿಕೊಂಡು ನೋಡಿದ್ದಳು. ಅಪ್ಪ ಚೆನ್ನವೀರಯ್ಯ ರೈಲ್ವೆಯಲ್ಲಿ ಗಾಡಿ ಬರುವ ಹೋಗುವ ಸುದ್ದಿ ಕೂಗಿ ನಿವೃತ್ತರಾದವರು. ಸಂಜೆ ಸಿದ್ಧೇಶ್ವರನ ಗುಡಿಯ ಪಡಸಾಲೆಯಲ್ಲಿ ಕಾವ್ಯ ವಾಚಿಸುವವರು. ತೊಟ್ಟಿಲಲ್ಲಿದ್ದಾಗಿನಿಂದ ನೀಲಾಂಬಿಕೆ ಆ ದನಿಯನ್ನು ಕೇಳುತ್ತ ಬೆಳೆದಿದ್ದಳು. ಹೆಚ್ಚು ಮಾತಿನವಳಲ್ಲ, ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಪ್ರತಿ ಪದ್ಯಕ್ಕೂ ಒಂದು "ಹ್ಞೂಂ" ಅನ್ನುವುದೇ ಅವಳ ಪೂಜೆ. ಬಿಲ್ಲೆ ಹಾಕಿಕೊಂಡ ದಿನ ಅಪ್ಪ ಸಾಲಿನ ಅರ್ಧದಲ್ಲಿ ಉಸಿರು ತಡೆದು ನಿಂತರು. ಮುಂದಿನ ಪದ ಏನಿರಬಹುದು ಎಂದು ಸಭೆಯೆಲ್ಲ ಬಾಯಿ ತೆರೆದು ಕಾಯುವ ಹೊತ್ತು ಅದು. ಅಷ್ಟರಲ್ಲಿ ಸ್ಮರಣಿ ಉಳಿದರ್ಧವನ್ನು ಚಪ್ಪಟೆಯಾಗಿ ಪಿಸುಗುಟ್ಟಿ ಮುಗಿಸಿಬಿಟ್ಟಿತು, ಅರ್ಥಸಮೇತ. ನೈವೇದ್ಯಕ್ಕೆ ಮೊದಲೇ ಯಾರೋ ಎಂಜಲು ಮಾಡಿದಂತಾಯಿತು ಅವಳಿಗೆ. ಅಲ್ಲೇ ಕಿತ್ತು ಸೆರಗಿನ ತುದಿಗೆ ಕಟ್ಟಿಕೊಂಡಳು. ಮತ್ತೆ ಹಾಕಿಕೊಳ್ಳಲಿಲ್ಲ.

ಆದರೆ ಕಾಲೇಜು ಗುಡಿಯಲ್ಲ. ಅಂಗರಚನಾ ವಿಭಾಗದ ಮುಖ್ಯಸ್ಥೆ ಡಾಕ್ಟರ್ ಕುಸುಮಾಕ್ಷಿ ಅವಳನ್ನು ಕೋಣೆಗೆ ಕರೆದರು.

"ನೋಡು ನೀಲಾಂಬಿಕೆ, ಈ ಸಲದಿಂದ ಮೌಖಿಕ ಪರೀಕ್ಷೆಯ ಹಾಜರಿ, ಅಂಕ ಎಲ್ಲಾ ಸ್ಮರಣಿ ಮೂಲಕಾನೇ ಹೋಗೋದು. ಕಿವೀಲಿ ಬಿಲ್ಲೆ ಇಲ್ದಿದ್ರೆ ಯಂತ್ರದ ಪಾಲಿಗೆ ನೀನು ಬಂದೇ ಇಲ್ಲ. ಸೀಟು ಹೋಗುತ್ತೆ. ಹಾಕ್ಕೊಂಡ್ ಬಾ."

"ನಾನು ಬಾಯಿಪಾಠ ಮಾಡಿದೀನಿ ಮೇಡಂ."

"ಬಾಯಿಪಾಠ! ಅದ್ಯಾವ ಕಾಲದ ಮಾತು?"

"ಹನ್ನೆರಡು ಕಪಾಲನರಾನೂ ಪದ್ಯದಲ್ಲಿದೆ. ಅಪ್ಪ ಕಟ್ಟಿಕೊಟ್ಟರು."

ಕುಸುಮಾಕ್ಷಿ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಮೂಗಿನ ಬುಡ ಒತ್ತಿಕೊಂಡು, "ಸರಿ, ಹೋಗು. ಬರುವಾಗ ಹಾಕ್ಕೊಂಡ್ ಬಾ ಅಷ್ಟೆ" ಎಂದರು.

ಮಾತು ನಿಜ. ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ ನರಗಳನ್ನು ಅಪ್ಪ ಮಗಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಷಟ್ಪದಿಗೆ ಇಳಿಸಿದ್ದರು. ಅವಳು ವಿಷಯ ಹೇಳುವುದು, ಅವರು ಬೆರಳಲ್ಲಿ ಮಾತ್ರೆ ಎಣಿಸುತ್ತ ಸಾಲು ಕೂರಿಸುವುದು. ಮೂಸಲು ಒಂದನೆಯದು, ನೋಡಲು ಎರಡನೆಯದು. ಕಣ್ಣುಗುಡ್ಡೆ ಹೊರಳಿಸಲು ಮೂರು, ನಾಲ್ಕು, ಆರು. ಐದನೆಯದಕ್ಕೆ ಬಂದಾಗ ಚೆನ್ನವೀರಯ್ಯ ಲಹರಿಯಲ್ಲಿದ್ದರು. ಎರಡು ಸಾಲು ಸರಾಗ ಬಂದವು. ಮೂರನೆಯದಕ್ಕೆ ತಡಕಾಡಿ, "ನಾಲಿಗೇನೂ ಮುಖದಲ್ಲೇ ಇರೋದಲ್ವೇನವ್ವ? ಸೇರಿಸಲಾ?" ಎಂದರು. ನಾಲಿಗೆಗೆ ಮುಟ್ಟಿದ್ದು ತಿಳಿಯುವುದು ಐದನೆಯದರಿಂದಲೇ ಎಂದು ಓದಿದ್ದ ಅವಳು "ಸೇರಿಸಪ್ಪ" ಎಂದಳು. ಅವರು ಕಣ್ಣು ಮುಚ್ಚಿ ಹಾಡಿಯೇ ಬಿಟ್ಟರು:

ಮೊಗದ ಸೋಂಕನು ತಿಳಿವುದೈದನೆ
ಜಗಿವ ದವಡೆಯ ನಡೆಸುವೈದನೆ
ಸೊಗದ ನಾಲಿಗೆ ತುದಿಯ ರುಚಿಯನು ಸವಿವುದೈದನೆಯು

ಮೊಗ, ಜಗಿ, ಸೊಗ. ಎರಡನೆಯ ಅಕ್ಷರದ ಪ್ರಾಸ ಮೂರೂ ಸಾಲಿಗೆ ಮೊಳೆ ಹೊಡೆದಂತೆ ಕೂತಿತು. ಕೂತದ್ದು ನಿಜವೆನಿಸಿತು. ಅವ್ವ ಒಗ್ಗರಣೆ ನಿಲ್ಲಿಸಿ "ಚೆಂದಾಗದೆ" ಎಂದಳು. ಯಾರೂ ಪುಸ್ತಕ ತೆರೆದು ನೋಡಲಿಲ್ಲ.

ನೀಲಾಂಬಿಕೆಯ ಅಣ್ಣ ಸಿದ್ಧೇಶ ರೈಲ್ವೆ ನಿಯಂತ್ರಣ ಕೊಠಡಿಯಲ್ಲಿ ಗಾಡಿಗಳಿಗೆ ದಾರಿ ಬಿಡುವ ಕೆಲಸದಲ್ಲಿದ್ದ. ಯಾವ ಗಾಡಿ ಎಲ್ಲಿದೆ, ಯಾವ ಹಳಿ ಖಾಲಿ ಎಂಬುದನ್ನೆಲ್ಲ ಸ್ಮರಣಿ ಅವನ ಕಿವಿಗೆ ಹೇಳುತ್ತಿತ್ತು. ಇಲಾಖೆಯಲ್ಲಿ ಮೊದಲು ಹಾಕಿಕೊಂಡವರಲ್ಲಿ ಅವನೂ ಒಬ್ಬ. ಅವನೀಗ ಊಟಕ್ಕೆ ಕೂತರೆ ಜಗಳ ಶುರು.

"ಅವ್ವ, ಸಾರಿಗೆ ಉಪ್ಪೇ ಹಾಕಿಲ್ಲ ನೀನು."

"ಒಂದು ಹಿಡಿ ಸುರಿದಿದೀನಿ ಕಣೋ! ನಿಮ್ಮಪ್ಪ ಆಗಲೇ ನೀರು ಕೇಳಿ ಕುಡಿದ್ರು."

ಮೊದಮೊದಲು ಎಲ್ಲರೂ ನಕ್ಕರು. ಆಮೇಲೆ ನೀಲಾಂಬಿಕೆ ಗಮನಿಸಿದಳು: ಅಣ್ಣ ತುತ್ತನ್ನು ಎಡದವಡೆಗೆ ಸರಿಸಿ ಸರಿಸಿ ಅಗಿಯುತ್ತಾನೆ. ಬಲಕ್ಕೆ ರುಚಿಯೇ ಇಲ್ಲವೆಂಬಂತೆ. ಬಿಲ್ಲೆ ಇರುವುದೂ ಬಲಕ್ಕೇ.

ಬೆಳಗಾದ ಮೇಲೆ ಅವಳು ತರಗತಿಯಲ್ಲೇ ಎದ್ದು ನಿಂತಳು. ಎಂದೂ ಬಾಯಿ ಬಿಡದವಳು ಎದ್ದಳೆಂದು ಎಲ್ಲರೂ ತಿರುಗಿ ನೋಡಿದರು.

"ಮೇಡಂ, ಸ್ಮರಣಿ ನರಾನ ಸುಡ್ತಾ ಇದೆ. ನಮ್ಮಣ್ಣನಿಗೆ ಬಲಗಡೆ ನಾಲಿಗೇಲಿ ರುಚಿ ಹೋಗಿದೆ. ಐದನೆಯ ನರ ಕೆಟ್ಟಿದೆ."

ತರಗತಿಯೆಲ್ಲ ಒಟ್ಟಿಗೇ ನಕ್ಕಿತು, ಏಕೆಂದರೆ ಪ್ರತಿಯೊಬ್ಬರ ಕಿವಿಯಲ್ಲೂ ಅದೇ ಗಳಿಗೆಗೆ ಅದೇ ಉತ್ತರ ಬಿದ್ದಿತ್ತು.

"ಐದಲ್ಲಮ್ಮ, ಏಳು," ಎಂದರು ಕುಸುಮಾಕ್ಷಿ. "ನಾಲಿಗೆ ಮುಂಭಾಗದ ಸ್ಪರ್ಶ ಐದನೆಯದು. ರುಚಿ ಏಳನೆಯದು. ಇದೇನಾ ನಿನ್ನ ಪದ್ಯ?"

"ಪದ್ಯಕ್ಕೆ ಉಪ್ಪು ಸಾಲ್ದು ಮೇಡಂ!" ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

"ಮುಖ ಸೊಟ್ಟಗಾಗಿದೆಯಾ ನಿಮ್ಮಣ್ಣಂದು? ಕಣ್ಣು ಮುಚ್ಚುತ್ತಾ? ಸರಿಯಾಗಿ ನಗ್ತಾನಾ? ಕಂಪನಿಯವರು ತಿಂಗಳು ತಿಂಗಳೂ ಯಂತ್ರದ ಮುಂದೆ ನಗಿಸಿ ನೋಡ್ತಾರೆ. ಏಳನೆಯದು ಕೆಟ್ಟರೆ ಮೊದಲು ಕೆಡೋದು ನಗು. ಕೂತ್ಕೋ."

ಕೂತಳು. ಕೆನ್ನೆ ಸುಡುತ್ತಿತ್ತು. ಅಪ್ಪನ ಸಾಲು ತನ್ನನ್ನು ಕೈಬಿಟ್ಟಿತೆಂಬುದು ನಗುವಿಗಿಂತ ಹೆಚ್ಚು ನೋಯಿಸಿತು. ಅಷ್ಟು ಚೆಂದದ ಸಾಲು ಸುಳ್ಳು ಹೇಳೀತೆಂದು ಅವಳಿಗೆ ಹೊಳೆದೇ ಇರಲಿಲ್ಲ. ಆದರೆ ಒಂದಂತೂ ಗಟ್ಟಿ: ಅಣ್ಣನ ನಾಲಿಗೆ ಪದ್ಯವಲ್ಲ. ಅದು ಸುಳ್ಳು ಹೇಳುತ್ತಿಲ್ಲ.

ಮಧ್ಯಾಹ್ನ ಅವಳು ಫರ್ಹಾನಾಳನ್ನು ಎಳೆದುಕೊಂಡು ಶವಚ್ಛೇದನದ ಹಾಲಿಗೆ ಹೋದಳು. ಸ್ಮರಣಿ ಬಂದ ಮೇಲೆ ಆ ಹಾಲಿಗೆ ಕಾಲಿಡುವವರು ಕಡಿಮೆ. ಎಲ್ಲವೂ ಕಿವಿಗೇ ಬರುವಾಗ ಕೈ ಏಕೆ ಕೊಳೆ ಮಾಡಿಕೊಳ್ಳಬೇಕು?

"ಲೇ, ನಿಂಗೇನ್ ಹುಚ್ಚಾ? ಪರೀಕ್ಷೆಗೆ ಬಿಲ್ಲೆ ಹಾಕ್ಕೊಂಡ್ ಪಾಸಾಗು, ಆಮೇಲೆ ಕಿತ್ತು ಬಿಸಾಕು," ಎಂದಳು ಫರ್ಹಾನಾ.

"ಇವತ್ತು ಅಂಟಿಸ್ಕೊಂಡ್ರೆ ನಾಳೆ ಅಣ್ಣಂಗೆ ತೆಗಿ ಅನ್ನೋ ಬಾಯಿ ನಂಗಿರಲ್ಲ. ದೀಪ ಹಿಡಿ."

ದೇಹ ದಾನ ಮಾಡಿದ ಆ ಹೆಸರಿಲ್ಲದ ಹಿರಿಯರಿಗೆ ಕೈ ಮುಗಿದು, ಕಿವಿಯ ಹಿಂದಿನ ಎಲುಬನ್ನು ಸಣ್ಣ ಬೈರಿಗೆಯಿಂದ ಪುಡಿಪುಡಿಯಾಗಿ ಕೊರೆಯತೊಡಗಿದಳು. ಏಳನೆಯ ನರ ಮಿದುಳಿನ ಬುಡದಿಂದ ಹೊರಟು ಆ ಎಲುಬಿನೊಳಗಿನ ಸುರಂಗ ಹೊಕ್ಕು, ಬಳಸಿ ಕೆಳಗಿಳಿದು, ಕಿವಿಯ ಕೆಳಗೆ ಹೊರಬಂದು ಮುಖವೆಲ್ಲ ಹರಡುತ್ತದೆ. ಅಷ್ಟನ್ನು ಪುಸ್ತಕದಲ್ಲಿ ಓದಿದ್ದಳು. ಕೈಗೆ ಸಿಕ್ಕಿದ್ದು ಬೇರೆ. ಸುರಂಗದೊಳಗೇ, ಹೊರಬರುವ ಮೊದಲೇ, ಬಿಳಿ ದಾರದಂಥ ನರದಿಂದ ಎರಡು ಎಳೆ ಕವಲೊಡೆದಿದ್ದವು. ಒಂದು ಮೇಲಕ್ಕೆ ತಿರುಗಿ ನಾಲಿಗೆಯ ದಾರಿ ಹಿಡಿದಿತ್ತು. ಇನ್ನೊಂದು ಕೂದಲಿನಷ್ಟು ಸಣ್ಣದು. ಒಳಗಿವಿಯ ಹಾದಿಯಲ್ಲಿ ಅಕ್ಕಿನುಚ್ಚಿನಷ್ಟು ಎಲುಬಿಗೆ ಅಂಟಿದ ಒಂದು ಸ್ನಾಯುವಿಗೆ ಹೋಗಿ ಮುಗಿದಿತ್ತು.

"ಇದೇನಿದು?" ಎಂದಳು ಫರ್ಹಾನಾ. ಕೇಳಿದೊಡನೆ ಅವಳ ಕಿವಿಗೆ ಉತ್ತರ ಬಂತು, ಅದನ್ನೇ ಒಪ್ಪಿಸಿದಳು: "ದೊಡ್ಡ ಸದ್ದು ಬಂದಾಗ ಈ ಸ್ನಾಯು ಎಲುಬನ್ನ ಬಿಗಿಹಿಡಿದು ಸದ್ದು ತಗ್ಗಿಸುತ್ತಂತೆ. ಕುದುರೆಗೆ ಕಡಿವಾಣ ಇದ್ದಂಗೆ."

"ಬಿಲ್ಲೆ ಕೂರೋದು ಎಲ್ಲಿ, ತೋರಿಸು."

ಫರ್ಹಾನಾ ತನ್ನ ಕಿವಿಯ ಹಿಂದೆ ಬೆರಳಿಟ್ಟುಕೊಂಡಳು. ಅದೇ ಬೆರಳನ್ನು ಶವದ ಎಲುಬಿನ ಮೇಲಿಟ್ಟಳು. ಎಳೆಗಳು ಕವಲೊಡೆದ ಜಾಗಕ್ಕೂ ಬೆರಳಿಗೂ ನಡುವೆ ಎಲುಬಿನ ಒಂದು ಗೋಡೆ, ಅಷ್ಟೆ. ಅವಳ ನಗು ನಿಂತಿತು.

"ಕಾಂಡ ಇನ್ನೂ ಹಸಿರಾಗೇ ಇರುತ್ತೆ," ಎಂದಳು ನೀಲಾಂಬಿಕೆ ಮೆಲ್ಲಗೆ. "ಸಣ್ಣ ಕವಲು ಮೊದಲು ಬಾಡುತ್ತೆ. ಇವರು ನಗು ನೋಡ್ತಾ ಕೂತಿದಾರೆ."

ಅಲ್ಲಿಂದ ನೇರ ನಿಯಂತ್ರಣ ಕೊಠಡಿಗೆ ನಡೆದಳು. ಗೋಡೆ ತುಂಬ ಹಳಿಗಳ ನಕ್ಷೆ, ಕೆಂಪು ಹಸಿರು ದೀಪಗಳು. ಸಿದ್ಧೇಶ ಕುರ್ಚಿಯಲ್ಲಿ ಒರಗಿದ್ದ.

"ಏನ್ ಡಾಕ್ಟರಮ್ಮ, ದಾರಿ ತಪ್ಪಿ ಬಂದ್ಯಾ?"

ಅವಳು ಉತ್ತರಿಸುವ ಮೊದಲೇ ಮೇಜಿನ ಫೋನು ರಿಂಗಣಿಸಿತು. ಸಿದ್ಧೇಶ ಬೆಂಕಿ ತಾಕಿದವನಂತೆ ಬಲಗಿವಿಯನ್ನು ಅಂಗೈಯಿಂದ ಒತ್ತಿಹಿಡಿದ. ಪಕ್ಕದ ಕುರ್ಚಿಯವನೂ ಹಾಗೇ ಮಾಡಿದ. ಯಾರಿಗೂ ಅದು ವಿಶೇಷವೆನಿಸಲಿಲ್ಲ.

"ಅಣ್ಣ, ನೀನು ಗುಡಿಗೆ ಬರೋದ್ ಯಾಕ್ ಬಿಟ್ಟೆ?"

ಅವನು ತಲೆ ತಗ್ಗಿಸಿದ. "ಅಪ್ಪಂಗ್ ಹೇಳಬೇಡ. ಅವರು ದನಿ ಎತ್ತಿದ್ರೆ ಕಿವಿಗೆ ಸೂಜಿ ಚುಚ್ಚಿದಂಗಾಗುತ್ತೆ. ವಯಸ್ಸಾಗಿ ದನಿ ಒಡೀತೇನೋ ಅಂತ ಸುಮ್ಮನಾದೆ."

ಚೆನ್ನವೀರಯ್ಯನವರೂ ಅದನ್ನೇ ನಂಬಿದ್ದರು. ಮಗ ವಾಚನದ ನಡುವೆ ಎದ್ದುಹೋದ ದಿನದಿಂದ ತಮ್ಮ ದನಿ ಕೆಟ್ಟಿತೆಂದು ಮೇಲಿನ ಸ್ಥಾಯಿ ಮುಟ್ಟುವುದನ್ನೇ ಬಿಟ್ಟಿದ್ದರು. ಅಪ್ಪನ ದನಿ ಕೆಟ್ಟಿರಲಿಲ್ಲ. ಅಣ್ಣನ ಕಿವಿಯ ಕಡಿವಾಣ ಕಳಚಿತ್ತು.

"ನಾಲಿಗೆ ಚಾಚು," ಎಂದಳು.

ಚಹಾದ ಸಕ್ಕರೆ ಇತ್ತು, ಊಟದ ಡಬ್ಬಿಯಲ್ಲಿ ಉಪ್ಪಿತ್ತು. ಅವುಗಳ ನೀರಿನಲ್ಲಿ ಅದ್ದಿದ ಹತ್ತಿಯನ್ನು ಎಡಕ್ಕೆ ಮುಟ್ಟಿಸಿದಾಗ ಅವನು ತಟ್ಟನೆ ಗುರುತಿಸಿದ. ಬಲಕ್ಕೆ ಮುಟ್ಟಿಸಿದಾಗ ಕಣ್ಣು ಪಿಳಿಪಿಳಿ ಬಿಡುತ್ತ ಕೂತ.

"ತೆಗಿ ಅಣ್ಣ ಅದನ್ನ."

"ತೆಗೆದ್ರೆ ಕುರ್ಚಿ ತೆಗೀತಾರೆ ಕಣೆ."

"ತೆಗೀಲಿ. ನಂದೂ ಸೀಟು ಹೋಗುತ್ತೆ. ಇಬ್ಬರೂ ಮನೇಲಿ ಕೂತು ಅವ್ವನ ಸಾರು ಉಣ್ಣೋಣ. ರುಚಿಯಾದ್ರೂ ಗೊತ್ತಾಗಲಿ."

ಸಿದ್ಧೇಶ ನಕ್ಕ. ಸರಿಯಾಗಿ, ನೇರವಾಗಿ, ಯಂತ್ರ ಮೆಚ್ಚುವ ಹಾಗೆ ನಕ್ಕ. ಬಿಲ್ಲೆ ತೆಗೆಯಲಿಲ್ಲ.

ಆ ಸಂಜೆ ಅವಳು ಪದ್ಯದ ಮೂರನೆಯ ಸಾಲನ್ನು ಕಿತ್ತುಹಾಕಿದಳು. ಹೊಸದನ್ನು ತಾನೇ ಕಟ್ಟಿದಳು. ಮಾತ್ರೆ ಕೂತಿತು, ಪ್ರಾಸ ಕೂರಲಿಲ್ಲ. ಅಪ್ಪನಿಗೆ ಹಾಡಿ ತೋರಿಸಿ, ಹಳೆಯ ಸಾಲು ಸುಳ್ಳೆಂದೂ, ಅಣ್ಣನ ಕಿವಿಗೆ ಏನಾಗಿದೆಯೆಂದೂ ಹೇಳಿದಳು. ಅವರು "ನನ್ನ ದನಿ ಅಲ್ವಾ ಹಂಗಾದ್ರೆ?" ಎಂದಷ್ಟೇ ಕೇಳಿದರು.

"ಅಲ್ಲಪ್ಪ."

ಪರೀಕ್ಷೆಯ ದಿನ ನೀಲಾಂಬಿಕೆ ತಲೆಗೂದಲನ್ನು ಎತ್ತಿ ಗಂಟು ಹಾಕಿಕೊಂಡು, ಎರಡೂ ಕಿವಿ ಎಲ್ಲರಿಗೂ ಕಾಣುವಂತೆ ಬಂದಳು. ಕೈಯಲ್ಲಿ ಸ್ಟೀಲಿನ ಡಬ್ಬಿ. ಮೇಜಿನಾಚೆ ಕುಸುಮಾಕ್ಷಿ, ಪಕ್ಕದಲ್ಲಿ ಅಂಕ ದಾಖಲಿಸುವ ಯಂತ್ರ. ಹಿಂದೆ ಸರದಿಗಾಗಿ ಕಾದ ತರಗತಿ.

"ಹಾಜರಿ ಬಿದ್ದಿಲ್ಲ," ಎಂದರು ಕುಸುಮಾಕ್ಷಿ, ಪರದೆ ನೋಡುತ್ತ. "ಯಂತ್ರಕ್ಕೆ ನೀನು ಇಲ್ಲಿಲ್ಲ."

"ನಿಮಗೆ ಇದೀನಲ್ಲ ಮೇಡಂ."

"ಹಟ ಮಾಡಬೇಡ. ಇಲ್ಲಿ ನನ್ನ ಹತ್ರ ಒಂದು ಬಿಲ್ಲೆ ಇದೆ. ಹಾಕ್ಕೋ. ಅರ್ಧ ಗಂಟೆ ಮಾತು."

"ಇಲ್ಲ ಮೇಡಂ. ಪ್ರಶ್ನೆ ಕೇಳಿ."

ಕುಸುಮಾಕ್ಷಿಯವರ ತುಟಿ ಬಿಗಿಯಿತು. ಬೇಕೆಂದೇ ಕೇಳಿದರು: "ಏಳನೆಯ ನರ. ಹೇಳು, ಈ ಸಲವಾದರೂ ಸರಿಯಾಗಿ."

"ಹೇಳಲ್ಲ. ತೋರಿಸ್ತೀನಿ. ನಾಲಿಗೆ ಚಾಚಿ."

ಹಿಂದೆ ಯಾರೋ ಕಿಸಕ್ಕೆಂದರು. ಫರ್ಹಾನಾ "ಶ್!" ಎಂದಳು. ನೀಲಾಂಬಿಕೆ ಡಬ್ಬಿ ತೆರೆದು ಎರಡು ಬಟ್ಟಲು ಇಟ್ಟಳು. ಒಂದರಲ್ಲಿ ಸಕ್ಕರೆ ನೀರು, ಇನ್ನೊಂದರಲ್ಲಿ ಉಪ್ಪಿನದು. ಯಾವುದು ಯಾವುದೆಂದು ನೋಡಿದರೆ ತಿಳಿಯದು. ಸಿಹಿ, ಉಪ್ಪು ಎಂದು ಬರೆದ ಎರಡು ಚೀಟಿ.

"ನಾಲಿಗೆ ಒಳಗೆಳೆದುಕೊಳ್ಳಬಾರದು, ಮಾತಾಡಬಾರದು. ರುಚಿ ತಿಳಿದಾಗ ಚೀಟಿ ಮುಟ್ಟಿ. ಒಳಗೆಳೆದ್ರೆ ನಾಲಿಗೆ ಹಿಂಭಾಗದ ಒಂಬತ್ತನೆಯ ನರ ಹೇಳಿಕೊಟ್ಟುಬಿಡುತ್ತೆ. ಅದು ನಕಲು."

ಬೈಯಬಹುದಿತ್ತು, ಹೊರಗೆ ಕಳಿಸಬಹುದಿತ್ತು. ಆದರೆ ಕುಸುಮಾಕ್ಷಿ ಒಂದು ಕಾಲಕ್ಕೆ ಕೈ ಕೊಳೆ ಮಾಡಿಕೊಂಡು ಕಲಿತವರು. ಪರೀಕ್ಷೆಯ ವಿಧಾನ ಸರಿಯಿದೆ ಎಂದು ಅವರಿಗೆ ಗೊತ್ತಿತ್ತು. ನಾಲಿಗೆ ಚಾಚಿದರು.

ಎಡಕ್ಕೆ ಹತ್ತಿ ತಾಕಿತು. ಬೆರಳು ಕೂಡಲೇ "ಉಪ್ಪು" ಮುಟ್ಟಿತು. ಬಾಯಿ ತೊಳೆದರು. ಬಲಕ್ಕೆ ತಾಕಿತು. ಬೆರಳು ಎರಡು ಚೀಟಿಗಳ ನಡುವೆ ನಿಂತಿತು. ನಿಂತೇ ಇತ್ತು. ಇನ್ನೊಮ್ಮೆ ಅದ್ದಿ, ಇನ್ನೊಮ್ಮೆ ಮುಟ್ಟಿಸಿದಳು. ಬೆರಳು ಅಲ್ಲಾಡಲಿಲ್ಲ. ಕೊನೆಗೆ ಅವರು ನಾಲಿಗೆ ಒಳಗೆಳೆದುಕೊಂಡರು. ಮರುಗಳಿಗೆಗೆ ಮುಖ ಕಿವುಚಿತು. "ಉಪ್ಪು. ಅದೂ ಕಟುವಾಗಿದೆ."

"ಹೌದು ಮೇಡಂ."

ಕುಸುಮಾಕ್ಷಿ ಮನಸ್ಸಿನಲ್ಲಿ ಏನನ್ನೋ ಕೇಳಿಕೊಂಡಿರಬೇಕು. ಕಿವಿಯೊಳಗೆ ಬಂದ ಉತ್ತರವನ್ನು ಅವರು ಜೋರಾಗಿಯೇ ಹೇಳಿದರು: "ತಮ್ಮ ಏಳನೆಯ ನರ ಸುಸ್ಥಿತಿಯಲ್ಲಿದೆ, ಅನ್ನುತ್ತೆ ಇದು."

ಯಾರೂ ನಗಲಿಲ್ಲ.

"ಮನೇಲಿ ಅಡುಗೆಯವಳನ್ನ ಎರಡು ಸಲ ಬದಲಾಯಿಸಿದೆ," ಎಂದರು ಅವರು, ಯಾರಿಗೆಂದಿಲ್ಲದೆ. ಆಮೇಲೆ ಕಿವಿಯ ಹಿಂದೆ ಉಗುರು ಹಾಕಿ ಬಿಲ್ಲೆಯನ್ನು ಎಬ್ಬಿಸಿ ಮೇಜಿನ ಮೇಲಿಟ್ಟರು. ಚರ್ಮದ ಮೇಲೆ ಬೆಳ್ಳನೆಯ ಗುಂಡು ಗುರುತು ಉಳಿದಿತ್ತು. ಯಂತ್ರ ಕೂಗಿಕೊಂಡಿತು: ಪರೀಕ್ಷಕರು ಗೈರುಹಾಜರು.

"ಒಳ್ಳೇದಾಯ್ತು. ಇಬ್ಬರೂ ಇಲ್ಲ. ಈಗ ಮೊದಲನೆಯದರಿಂದ ಹೇಳು."

ಅವಳು ಹೇಳಿದಳು, ಹಾಡಿಯೇ ಹೇಳಿದಳು. ಹತ್ತನೆಯ ನರದ ಹತ್ತಿರ ಕುಸುಮಾಕ್ಷಿ ಕೈ ಎತ್ತಿ, "ತಾಳು, ಇದರ ಮೇಲೊಂದು ಪ್ರಶ್ನೆ ಇದೆ, ನೆನಪಾಗ್ತಿಲ್ಲ, ತಾಳು" ಎಂದರು. ಹಣೆಗೆ ಬೆರಳಿಟ್ಟು ಕೂತರು. ನೀಲಾಂಬಿಕೆ ಕಾದಳು. ಕಾಯುವುದು ಅವಳಿಗೆ ಹುಟ್ಟಿನಿಂದಲೇ ಬಂದದ್ದು. ಪ್ರಶ್ನೆ ನೆನಪಾದಾಗ ಆ ಹೆಂಗಸಿನ ಮುಖದಲ್ಲಿ ಹುಡುಗಿಯ ಕಳೆ ಬಂತು.

ಫಲಿತಾಂಶದಲ್ಲಿ ನೀಲಾಂಬಿಕೆಯ ಹೆಸರಿನ ಮುಂದೆ ಗೈರುಹಾಜರು ಎಂದೇ ಬಂತು. ಕುಸುಮಾಕ್ಷಿ ಅದಕ್ಕೆ ಸಹಿ ಹಾಕಲೊಪ್ಪದೆ, ಕಂಪನಿಯವರು ಬಂದು ಕೂತರೂ ಜಗ್ಗದೆ, ಕೈಬರಹದಲ್ಲಿ ಉತ್ತೀರ್ಣಳೆಂದು ಬರೆದರು. ಒಪ್ಪುವುದೋ ಬಿಡುವುದೋ ಇನ್ನೂ ತೀರ್ಮಾನವಾಗಿಲ್ಲ. ಅಲ್ಲಿಯವರೆಗೆ ನೀಲಾಂಬಿಕೆ ದಿನವೂ ಡಬ್ಬಿ ಹಿಡಿದು ಪರೀಕ್ಷೆಯ ಹಾಲಿನ ಹೊರಗಿನ ಕಟ್ಟೆಯ ಮೇಲೆ ಕೂರುತ್ತಾಳೆ. ಎದ್ದು ಹೋಗೆಂದು ನೋಟೀಸು ಬಂತು. ಅದನ್ನು ಮಡಿಸಿ ಬಟ್ಟಲಿನ ಅಡಿಗೆ ಹಾಸಿಕೊಂಡಳು. ಮೊದಲು ನಾಲಿಗೆ ಚಾಚಿದವಳು ಫರ್ಹಾನಾ. ಆಮೇಲೆ ಹಿಂದಿನ ಬೆಂಚಿನವರು. ಆಮೇಲೆ ಬಸ್ಸಿನ ಕಂಡಕ್ಟರು. ಕಟ್ಟೆಯ ಕೆಳಗೆ ಕಿತ್ತ ಬಿಲ್ಲೆಗಳು ಹುಣಸೆಬೀಜದಂತೆ ಬಿದ್ದಿರುತ್ತವೆ.

ಕೊನೆಗೆ ಬಿಲ್ಲೆ ಕಿತ್ತ ದಿನವೇ ಸಿದ್ಧೇಶನ ಕುರ್ಚಿ ಹೋಯಿತು. ಈಗ ಲೆವೆಲ್ ಕ್ರಾಸಿಂಗಿನಲ್ಲಿ ಹಸಿರು ಬಾವುಟ ಹಿಡಿದು ನಿಲ್ಲುತ್ತಾನೆ. ರುಚಿ ಮರಳುವುದೋ ಇಲ್ಲವೋ ಯಾರೂ ಹೇಳರು. ಮೊನ್ನೆ ಸಂಜೆ ಬಲಗಿವಿಗೆ ಹತ್ತಿ ತುರುಕಿಕೊಂಡು ಗುಡಿಗೆ ಬಂದ. ತಂಗಿಯ ಪಕ್ಕ ಕಂಬಕ್ಕೆ ಒರಗಿದ. ಚೆನ್ನವೀರಯ್ಯ ಮಗನನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು. ಎಂದಿನ ಕಾವ್ಯ ತೆರೆಯುವ ಮೊದಲು ದನಿ ಎತ್ತಿ, ಬಹಳ ದಿನದ ಮೇಲೆ ಮೇಲಿನ ಸ್ಥಾಯಿ ಮುಟ್ಟಿ ಹಾಡಿದರು:

ಮೊಗದ ಸೋಂಕನು ತಿಳಿವುದೈದನೆ
ಜಗಿವ ದವಡೆಯ ನಡೆಸುವೈದನೆ
ನಾಲಿಗೆಯ ರುಚಿ, ಕಿವಿಯ ಕಡಿವಾಣಗಳಿಗೇಳನೆಯು

ಸಭೆ ತಡವರಿಸಿತು. ಮುಂದೆ ಕೂತಿದ್ದ ಹಳೆಯ ಕೇಳುಗ ಬಸಲಿಂಗಪ್ಪನವರು ತಡೆಯಲಾರದೆ, "ಅಯ್ಯನೋರೆ, ಮೂರನೇ ಸಾಲಲ್ಲಿ ಪ್ರಾಸ ತಪ್ತಲ್ಲ! 'ಸೊಗದ' ಅಂತ ಹಿಡಿದ್ರೆ ಸರಾಗ ಕೂತ್ಕಳುತ್ತೆ" ಎಂದರು.

"ಕೂತ್ಕಳುತ್ತೆ. ಕೂರಿಸಿಯೇ ಒಂದ್ಸಲ ಕೆಟ್ಟಿದೀನಿ," ಎಂದರು ಚೆನ್ನವೀರಯ್ಯ. "ಇರಲಿ ಬಿಡಿ. ಕೇಳೋರು ಅಲ್ಲಿ ಎಡವಲಿ. ಎಡವಿದ ಜಾಗ ಯಾರೂ ಮರೆಯಲ್ಲ."

ಮತ್ತೆ ಅದೇ ಸಾಲು ಹಾಡಿದರು, ಇನ್ನೂ ಒಂದು ಮೆಟ್ಟಿಲು ಮೇಲೆ. ಸಿದ್ಧೇಶನ ಹುಬ್ಬು ನೋವಿಗೆ ಗಂಟಿಕ್ಕಿತು. ಏಳಲಿಲ್ಲ. ಎದ್ದು ಹೋಗುವ ಬದಲು ಜೋರಾಗಿ, ಸಭೆಗೆಲ್ಲ ಕೇಳುವಂತೆ, "ಹ್ಞೂಂ" ಎಂದ.